ಟ್ರೀಸಾ ಬರೆದ ಚೀಟಿಗಳು

ಟ್ರೀಸಾ ನನಗೆ ಪರಿಚಯವಾದದ್ದು ಜಗಳದಿಂದ. ೧೯೯೮ರಲ್ಲಿ ನಾವು ಬೆಂಗಳೂರಿನಿಂದ ಇಂಗ್ಲೆಂಡಿನ ಗ್ರೀನ್‌ಫರ್ಡ್‌ನ ಫ್ಲ್ಯಾಟಿಗೆ ಬಂದ ಹೊಸತು. ನನ್ನ ಗಂಡ ಸುಧೀರ್ ಕಂಪ್ಯೂಟರ್ ಕೆಲಸಕ್ಕೆಂದು ಟ್ಯೂಬ್ ರೈಲು ಹಿಡಿದು ಹೋದರೆ ಸಂಜೆಯವರೆಗೆ ನಾನೊಬ್ಬಳೇ. ಕೆಳಗಿನ ಫ್ಲ್ಯಾಟಿನವರ ವಾಷಿಂಗ್ ಮಷೀನ್ ಬೆಳಿಗ್ಗೆ ಆರಕ್ಕೇ ನಮ್ಮ ನೆಲವನ್ನು ನಡುಗಿಸುತ್ತಿತ್ತು. ಮೂರು ದಿನ ಸಹಿಸಿದೆ. ನಾಲ್ಕನೆಯ ದಿನ ಇಳಿದುಹೋಗಿ ಬಾಗಿಲು ಬಡಿದು, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬೈದೆ. ಇಂಗ್ಲಿಷ್ ಸಾಲದೆ ಬಂದಾಗ "ಇವಳ ಮನೆ ಹಾಳಾಗ" ಎಂಬ ಮಾತು ಕನ್ನಡದಲ್ಲೇ ಬಾಯಿಂದ ಜಾರಿತು. ನರ್ಸ್ ಸಮವಸ್ತ್ರದಲ್ಲಿ ನಿಂತಿದ್ದ ಆ ಹೆಂಗಸು ಪೂರ್ತಿ ಕೇಳಿಸಿಕೊಂಡಳು.

"ಮನೆ ಹಾಳಾಗುದು ಬೇಡ ಮಾರಾಯ್ತಿ, ಮಷೀನ್ ಏಳು ಗಂಟೆಗೆ ಹಾಕ್ತೇನೆ. ಒಳಗೆ ಬಾ, ಚಾ ಕುಡಿ," ಎಂದಳು.

ಅಂದು ಕುಡಿದ ಚಹಾದ ಋಣ ಇನ್ನೂ ತೀರಿಲ್ಲ. ಉಡುಪಿ ಹತ್ತಿರದ ಶಿರ್ವ ಅವಳ ಊರು. ೧೯೯೦ರಲ್ಲಿ ಕೆಲಸದ ವೀಸಾದ ಮೇಲೆ ಬಂದವಳು, ಮುದುಕರ ನರ್ಸಿಂಗ್ ಹೋಮ್ ಒಂದರಲ್ಲಿ ನರ್ಸ್. ಮನೆಯ ಮಾತು ಕೊಂಕಣಿ, ನನ್ನೊಂದಿಗೆ ಅವಳ ಊರಿನ ಕನ್ನಡ. ಮಗಳು ಮಿಶೆಲ್‌ಗೆ ಆಗ ನಾಲ್ಕು ತುಂಬುತ್ತಿತ್ತು. ಅವಳಿಗೆ ಎರಡೂ ಅರ್ಥವಾಗುತ್ತಿದ್ದವು, ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಅವಳ ಗಂಡ ವ್ಯಾಲೆಂಟೈನ್ ಕಿನ್ನಿಗೋಳಿಯವರು. ಬ್ರೆಡ್ ಕಾರ್ಖಾನೆಯೊಂದರ ಗೋದಾಮಿನಲ್ಲಿ ಕೆಲಸ. ಅವರಷ್ಟು ಕಾನೂನಿಗೆ ಹೆದರುವ ಮನುಷ್ಯನನ್ನು ನಾನು ಈ ದೇಶದಲ್ಲಿ ಕಂಡಿಲ್ಲ. ಎರಡೂ ಕಡೆ ಒಂದು ವಾಹನವೂ ಇಲ್ಲದಿದ್ದರೂ ಕೆಂಪು ದೀಪ ಹಸಿರಾಗುವವರೆಗೆ ರಸ್ತೆಯಂಚಿನಲ್ಲಿ ಕಾಯುತ್ತಿದ್ದರು. ಬಸ್ಸಿಳಿದ ಮೇಲೂ ಟಿಕೆಟನ್ನು ಮನೆಯವರೆಗೆ ಜೋಪಾನ ಮಾಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಶಾಲೆಯೆದುರು ಮಕ್ಕಳಿಗೆ ರಸ್ತೆ ದಾಟಿಸುವ ಹಳದಿ ಕೋಟಿನ ಮುದುಕಿಯನ್ನು ಕಂಡರೂ ಬೇಡದ ನಗು ನಗುತ್ತಿದ್ದರು. ಬಾಗಿಲ ಗಂಟೆ ಬಾರಿಸಿದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವುದನ್ನು ಕಂಡು, ಪಾಪ ಸಂಕೋಚದ ಮನುಷ್ಯ ಎಂದುಕೊಂಡಿದ್ದೆ.

ಎರಡು ವರ್ಷದ ಮೇಲೆ ನಿಜ ತಿಳಿಯಿತು. ನಾವು ಪ್ಯಾರಿಸ್ಸಿಗೆ ಹೊರಟಿದ್ದೆವು. ನೀವೂ ಬನ್ನಿ, ಎರಡು ಮನೆಯವರೂ ಸೇರಿ ಹೋಗೋಣ ಎಂದು ಟ್ರೀಸಾಳ ಬೆನ್ನು ಬಿದ್ದೆ. ಅವಳು ರಜೆ ಇಲ್ಲ ಎಂದಳು, ಮಗುವಿಗೆ ಹುಷಾರಿಲ್ಲ ಎಂದಳು. ನಾನು ಬಿಡುವ ಪೈಕಿಯೇ? ಕೊನೆಗೆ ಅಡುಗೆಮನೆಯ ಬಾಗಿಲು ಮುಚ್ಚಿ ಹೇಳಿದಳು.

ವ್ಯಾಲೆಂಟೈನ್ ಈ ದೇಶಕ್ಕೆ ಬಂದದ್ದು ೧೯೯೨ರ ಅಕ್ಟೋಬರಿನಲ್ಲಿ, ಸರಕಿನ ಹಡಗೊಂದರ ಅಡುಗೆ ಕೆಲಸಗಾರರಾಗಿ. ಹಡಗು ಟಿಲ್ಬರಿ ಬಂದರಿನಲ್ಲಿ ನಾಲ್ಕು ದಿನ ನಿಂತಿತ್ತು. ಊರಿನವರನ್ನು ನೋಡಿ ಬರುತ್ತೇನೆಂದು ಇಳಿದವರು ಹಿಂದಿರುಗಲಿಲ್ಲ. ಮರುವರ್ಷ ಚರ್ಚಿನಲ್ಲಿ ಟ್ರೀಸಾಳ ಗುರುತಾಗಿ ಮದುವೆಯಾಯಿತು, ಅದರ ಮರುವರ್ಷ ಮಗಳು ಹುಟ್ಟಿದಳು. ಆದರೆ ಅವರ ಹೆಸರಿನಲ್ಲಿ ಈ ದೇಶದ ಒಂದು ತುಂಡು ಕಾಗದವೂ ಇರಲಿಲ್ಲ. ಸೌತಾಲ್‌ನಲ್ಲಿ ಯಾರೋ ಒಬ್ಬ ಸಲಹೆಗಾರ ಹೇಳಿದ್ದನಂತೆ: ಒಂದು ದಿನವೂ ಹೊರದೇಶಕ್ಕೆ ಹೋಗದೆ, ಯಾರ ಕೈಗೂ ಸಿಕ್ಕಿಬೀಳದೆ ಹದಿನಾಲ್ಕು ವರ್ಷ ಕಳೆದರೆ ಇಲ್ಲೇ ಇರಲು ಅರ್ಜಿ ಹಾಕಬಹುದು. ಹೆಂಡತಿಯ ಕಾಗದಪತ್ರ ಸರಿಯಿದ್ದುದರಿಂದ ಬೇರೆ ದಾರಿಗಳೂ ಇದ್ದವೆಂದು ಎಷ್ಟೋ ವರ್ಷದ ನಂತರ ಒಬ್ಬ ವಕೀಲರು ನನಗೆ ಹೇಳಿದರು. ಹೆದರಿದವರು ದಾರಿ ಕೇಳುವುದಿಲ್ಲ, ಮೊದಲು ಕಂಡ ಮೂಲೆಯಲ್ಲೇ ಕೂತುಬಿಡುತ್ತಾರೆ.

ಹದಿನಾಲ್ಕು ವರ್ಷ ಎಂದೊಡನೆ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. "ವನವಾಸ ಅನ್ನು. ಸೀತೆಗೆ ವೀಸಾ ಇದೆ, ರಾಮನಿಗಿಲ್ಲ, ಅಷ್ಟೇ ವ್ಯತ್ಯಾಸ," ಎಂದೆ. ಟ್ರೀಸಾ ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ ಅವಳ ಮುಂದೆ ಆ ತಮಾಷೆ ಮಾಡಲಿಲ್ಲ.

ಈ ಸಂಗತಿ ಮಿಶೆಲ್‌ಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳ ಬಾಯಿಗೆ ಬಾಗಿಲಿರುವುದಿಲ್ಲವೆಂದು ಮುಚ್ಚಿಟ್ಟಿದ್ದರು. ಹಾಗಾಗಿ ಪ್ರತಿ ವರ್ಷ ಈಸ್ಟರ್ ರಜೆ ಹತ್ತಿರ ಬಂತೆಂದರೆ ಆ ಮನೆಯಲ್ಲಿ ಸಂಕಟ ಶುರುವಾಗುತ್ತಿತ್ತು. ಓರಗೆಯ ಮಕ್ಕಳು ಸ್ಪೇನಿಗೆ ಹೋಗುತ್ತಿದ್ದರು, ಪ್ಯಾರಿಸ್ಸಿನ ಡಿಸ್ನಿಗೆ ಹೋಗುತ್ತಿದ್ದರು. ನಾವು ಯಾಕೆ ಹೋಗಬಾರದು ಎಂಬ ಪ್ರಶ್ನೆಗೆ ಮಗುವಿಗೆ ಹೇಳಬಹುದಾದ ಉತ್ತರ ಇರಲಿಲ್ಲ. ಅದಕ್ಕೆ ಟ್ರೀಸಾ ಒಂದು ಉಪಾಯ ಹೂಡಿದಳು. ಅವಳ ತಂದೆಯ ಮನೆಯಲ್ಲಿ ಮಗುವಿಗೆ ಯಾವ ಸಂತರ ಹೆಸರಿಡುವುದು ಎಂಬುದನ್ನು ದೇವರ ಮುಂದೆ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರಂತೆ. ನಮ್ಮ ಕಡೆಯೂ ಹುಡುಗನೋ ಕೆಲಸವೋ ತೀರ್ಮಾನವಾಗದಿದ್ದರೆ ಚೀಟಿ ಹಾಕುವುದುಂಟಲ್ಲ, ಅದೇ ಪದ್ಧತಿ. ೧೯೯೯ರಿಂದ ಅವರ ರಜೆಯ ಊರನ್ನೂ ದೇವರೇ ಆರಿಸತೊಡಗಿದ.

ಕ್ರಮ ಹೀಗೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ಭಾನುವಾರ ಸಂಜೆ ಜಪಸರ ಮುಗಿಸಿ ಮೂವರೂ ಮಾತೆ ಮೇರಿಯ ಪ್ರತಿಮೆಯ ಮುಂದೆ ಕೂರುತ್ತಿದ್ದರು. ಒಬ್ಬೊಬ್ಬರು ಒಂದೊಂದು ಊರು ಹೇಳಬೇಕು. ಮಿಶೆಲ್ ಹೇಳುವುದು ಡಿಸ್ನಿ. ವ್ಯಾಲೆಂಟೈನ್ ಹೇಳುವುದು ಲೂರ್ದ್, ಅಂದರೆ ಫ್ರಾನ್ಸಿನಲ್ಲಿರುವ ಮಾತೆಯ ಕ್ಷೇತ್ರ. ಅಲ್ಲಿಯ ಚಿಲುಮೆಯ ನೀರು ಮುಟ್ಟಿದರೆ ರೋಗ ಗುಣವಾಗುತ್ತದೆಂಬ ನಂಬಿಕೆ. ಟ್ರೀಸಾ ಹೇಳುವುದು ಇಂಗ್ಲೆಂಡಿನದೇ ಯಾವುದಾದರೂ ಕಡಲತೀರದ ಊರು. ಬರೆಯುವವಳು ಟ್ರೀಸಾ, ಮಡಚಿ ಬಟ್ಟಲಿಗೆ ಹಾಕುವವಳು ಟ್ರೀಸಾ, ಎತ್ತುವವಳು ಮಿಶೆಲ್. ಉಳಿದ ಎರಡು ಚೀಟಿಗಳನ್ನು ಬಿಡಿಸದೆ ಮೇಣದಬತ್ತಿಯಲ್ಲಿ ಸುಡಬೇಕು. ದೇವರು ಬೇಡ ಅಂದದ್ದನ್ನು ನಾವು ನೋಡಬಾರದು ಎಂಬ ನಿಯಮವನ್ನು ಮಾಡಿದವಳೂ ಟ್ರೀಸಾ.

ಮೊದಲ ವರ್ಷ ಮಾರ್ಗೇಟ್ ಬಂತು. ಆ ಚಳಿಗಾಲವೆಲ್ಲ ವ್ಯಾಲೆಂಟೈನ್, ಈ ಕಳ್ಳಬದುಕು ಸಾಕು, ನಾನೇ ಪೊಲೀಸರ ಹತ್ತಿರ ಹೋಗುತ್ತೇನೆ ಎನ್ನುತ್ತಿದ್ದರಂತೆ. ಚೀಟಿ ಓದಿ ಮಾತೆಯ ಪ್ರತಿಮೆಯತ್ತ ತಿರುಗಿದರು. "ಇಲ್ಲೇ ಇರು ಅಂತ ಹೇಳ್ತಿದ್ದಾಳೆ ಮಾತೆ. ನನ್ನನ್ನು ಬೇಲಿಯೊಳಗೆ ಇಟ್ಟು ಕಾಯ್ತಿದ್ದಾಳೆ," ಎಂದರು. ಅದಾದ ಮೇಲೆ ಪೊಲೀಸರ ಮಾತು ಎತ್ತಲಿಲ್ಲ. ಚೀಟಿಯನ್ನು ಪ್ರಾರ್ಥನಾ ಪುಸ್ತಕದಲ್ಲಿಟ್ಟರು. ಮುಂದೆ ಐಲ್ ಆಫ್ ವೈಟ್, ಬ್ಲ್ಯಾಕ್‌ಪೂಲ್, ಬೋರ್ನ್‌ಮತ್, ವೇಲ್ಸಿನ ಲ್ಯಾಂಡಡ್ನೊ, ಗ್ರೇಟ್ ಯಾರ್ಮತ್, ವಿಟ್‌ಬಿ. ಏಳು ವರ್ಷ, ಏಳು ಚೀಟಿ, ಪ್ರತಿಯೊಂದರ ಹಿಂದೆಯೂ ಇಸವಿ. ನನಗೆ ತೋರಿಸುವಾಗ ಅವರ ದನಿಯೇ ಬೇರೆ. "ನೋಡಿ ಚಂದ್ರಿಕಕ್ಕ, ಒಂದು ವರ್ಷವೂ ಆಚೆ ಕಾಲಿಡ್ಲಿಕ್ಕೆ ಬಿಡ್ಲಿಲ್ಲ ಅವಳು."

ಈ ಪವಾಡವನ್ನು ನಾನು ಸುಧೀರನ ಮುಂದೆ ಹೇಳಿದೆ. ಅವನು ಮೊಸರನ್ನದ ತಟ್ಟೆಯಿಂದ ತಲೆ ಎತ್ತದೆ, "ಮೂರರಲ್ಲಿ ಒಂದು, ಏಳು ಸಲ. ಎರಡು ಸಾವಿರದ ನೂರ ಎಂಬತ್ತೇಳರಲ್ಲಿ ಒಂದು ಛಾನ್ಸು. ಟ್ರೀಸಾ ಲಾಟರಿ ಆಡ್ಬೇಕು," ಎಂದ.

ನನಗೆ ಲೆಕ್ಕ ಬೇಕಿರಲಿಲ್ಲ. ೨೦೦೩ರಲ್ಲಿ ಒಮ್ಮೆ ಒಬ್ಬಟ್ಟು ಕೊಡಲು ಹೋದವಳನ್ನು ಚೀಟಿ ಎತ್ತುವ ಹೊತ್ತಿಗೆ ಕೂರಿಸಿಕೊಂಡಿದ್ದರು. ಮಗಳು ಡಿಸ್ನಿ ಎಂದಾಗಲೂ, ಗಂಡ ಲೂರ್ದ್ ಎಂದಾಗಲೂ ಟ್ರೀಸಾಳ ಪೆನ್ನು ಕಾಗದದ ಮೇಲೆ ಒಂದೇ ಥರ, ಒಂದೇ ಉದ್ದಕ್ಕೆ ಓಡಿತು. ಆ ವರ್ಷ ಬಂದ ಲ್ಯಾಂಡಡ್ನೊ ಸಣ್ಣ ಹೆಸರೇನಲ್ಲ. ಆಮೇಲೆ ಅಡುಗೆಮನೆಯಲ್ಲಿ, "ಮೂರರಲ್ಲೂ ಒಂದೇ ಬರೆದ್ಯಲ್ಲ?" ಎಂದು ಕೇಳಿದೆ.

"ಹೌದು," ಎಂದಳು. ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಮೊದಲ ವರ್ಷ ಮಗುವನ್ನು ಸುಮ್ಮನಿರಿಸ್ಲಿಕ್ಕೆ ಮಾಡಿದೆ. ಇವರು ಅದನ್ನು ದೇವರ ಮಾತು ಅಂತ ಹಿಡ್ಕೊಂಡ್ರು. ಈಗ ಬಿಡ್ಲಿಕ್ಕೆ ಆಗುದಿಲ್ಲ. ಪ್ರತಿ ವರ್ಷ ಪಾಪನಿವೇದನೆಗೆ ಹೋಗಿ ಎಲ್ಲ ಹೇಳ್ತೇನೆ ಚಂದ್ರಿಕಾ, ಇದೊಂದು ಹೇಳುದಿಲ್ಲ. ಹೇಳಿದ್ರೆ ಫಾದರ್ ನಿಲ್ಲಿಸು ಅಂತಾರೆ. ನಿಲ್ಲಿಸಿದ್ರೆ ಇವರ ಗತಿ?"

ನನಗೆ ಅವಳ ಮೇಲೆ ಸಿಟ್ಟು ಬಂತು, ಅವಳ ಗಂಡನ ಮೇಲೆ ಇನ್ನೂ ಸಿಟ್ಟು ಬಂತು. ಆದರೂ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಮಟ್ಟಿಗೆ ಅದು ತಪಸ್ಸೇ ಸರಿ.

೨೦೦೬ ಬಂತು. ಅಕ್ಟೋಬರಿಗೆ ಹದಿನಾಲ್ಕು ವರ್ಷ ಮುಗಿಯುತ್ತಿತ್ತು. ಆ ಚಳಿಗಾಲದಲ್ಲಿ ವ್ಯಾಲೆಂಟೈನ್ ಗೋದಾಮಿನಲ್ಲಿ ಬಿದ್ದು ಬಲಮಂಡಿಗೆ ಪೆಟ್ಟು ಮಾಡಿಕೊಂಡಿದ್ದರು. ಬಡಾವಣೆಯ ಡಾಕ್ಟರಾದ ಜಿಪಿ ನೋಡಿ, ಆಸ್ಪತ್ರೆಗೆ ಬರೆದುಕೊಡುತ್ತೇನೆ, ಆಪರೇಷನ್ ಬೇಕಾಗಬಹುದು ಎಂದರು. ಆಸ್ಪತ್ರೆಯವರು ಏನೇನು ಕೇಳುತ್ತಾರೋ ಎಂದು ಇವರು ಬೇಡವೆಂದು ಬಂದುಬಿಟ್ಟರು. ಮೆಟ್ಟಿಲಿನಲ್ಲಿ ಅವರು ಕಾಲೆಳೆಯುವ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು. ಹನ್ನೊಂದು ವರ್ಷದ ಮಿಶೆಲ್‌ಗೆ ಅಪ್ಪ ಯಾಕೆ ಆಸ್ಪತ್ರೆಗೆ ಹೋಗುವುದಿಲ್ಲ ಎಂಬುದು ಅರ್ಥವಾಗಲಿಲ್ಲ. ಡಾಕ್ಟರು ಕೈಲಾಗದು ಎಂದಿರಬೇಕು ಎಂದುಕೊಂಡಳು. ಅದೇ ವರ್ಷ ಹೈಸ್ಕೂಲು ಸೇರಿದ್ದಳು, ಗಣಿತದಲ್ಲಿ ದಾಳ ಉರುಳಿಸಿ ಸಂಭವನೀಯತೆ ಕಲಿಸುತ್ತಿದ್ದರು. ಸುಧೀರ್ ಮೊಸರನ್ನದ ಮುಂದೆ ಹಾಕಿದ ಲೆಕ್ಕವನ್ನು ಆ ಹುಡುಗಿ ನೋಟ್‌ಪುಸ್ತಕದಲ್ಲಿ ಹಾಕಿದ್ದಳು. ಇದು ನಮಗೆಲ್ಲ ಆಮೇಲೆ ತಿಳಿದದ್ದು.

ಆ ಭಾನುವಾರವೂ ನಾನಿದ್ದೆ. ಟ್ರೀಸಾ ಈ ಸಲ ಈಸ್ಟ್‌ಬೋರ್ನ್ ಎಂದಳು. ಮೂರು ಚೀಟಿ ಬಟ್ಟಲಿಗೆ ಬಿದ್ದವು. ಮಿಶೆಲ್ ಕೈ ಹಾಕಿ, ಒಂದನ್ನು ಎತ್ತಿ, ಅಪ್ಪನಿಗೆ ಕೊಟ್ಟಳು. ಉಳಿದದ್ದನ್ನು ಸುಡಲು ಟ್ರೀಸಾ ಎಂದಿನಂತೆ ಬಟ್ಟಲಿಗೆ ಕೈ ಹಾಕಿದಳು. ಆ ಕೈ ಅಲ್ಲೇ ನಿಂತದ್ದನ್ನು ನಾನು ನೋಡಿದೆ. ಬಟ್ಟಲಿನಲ್ಲಿ ಇನ್ನೂ ಮೂರು ಚೀಟಿಗಳಿದ್ದವು.

ವ್ಯಾಲೆಂಟೈನ್ ಬಿಡಿಸಿ ಓದಿದರು. "ಲೂರ್ದ್," ಎಂದರು. ಇನ್ನೊಮ್ಮೆ, "ಲೂರ್ದ್," ಎಂದರು. ಮಂಡಿಯೂರಲು ಹೋಗಿ, ನೋವಿಗೆ ಆಗದೆ, ಗೋಡೆ ಹಿಡಿದು ನಿಂತು ಮಗುವಿನಂತೆ ಅತ್ತುಬಿಟ್ಟರು. ಮಿಶೆಲ್ ಅವರ ಸೊಂಟ ತಬ್ಬಿಕೊಂಡಳು. ಟ್ರೀಸಾಳಿಗೆ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಇದು ಮಗಳ ಕೈಚಳಕ ಎನ್ನಬೇಕಾದರೆ, ತನ್ನ ಮೂರು ಚೀಟಿಗಳನ್ನು ಬಿಡಿಸಿ ತೋರಿಸಬೇಕಿತ್ತು. ಮೂರನ್ನೂ ಒಟ್ಟಿಗೆ ಬತ್ತಿಗೆ ಹಿಡಿದಳು.

ಇಷ್ಟು ವರ್ಷ ಕಾದವರು ಇನ್ನು ಏಳು ತಿಂಗಳು ಕಾಯುತ್ತಾರೆ, ಅಕ್ಟೋಬರ್ ಕಳೆಯಲಿ ಎನ್ನುತ್ತಾರೆ ಎಂದು ನಾನು ಎಣಿಸಿದ್ದೆ. ಇಲ್ಲ. ಏಳು ವರ್ಷ ಬೇಡ ಎಂದ ಮಾತೆ ಈಗ ಬಾ ಎಂದಿದ್ದಾಳೆ. ಕರೆದವಳು ದಾರಿ ತೋರಿಸದೆ ಇರುತ್ತಾಳೆಯೇ ಎಂದರು ವ್ಯಾಲೆಂಟೈನ್. ಚರ್ಚಿನವರ ಕೋಚ್ ಬಸ್ಸು ಈಸ್ಟರ್ ಕಳೆದ ಮಂಗಳವಾರ ಲೂರ್ದಿಗೆ ಹೊರಡುವುದಿತ್ತು. ದಾರಿ ತೋರಿಸಿದವನು ಅವರ ಅತ್ತೆಯ ಮಗ ಲೂಯಿಸ್. ಸಟನ್‌ನಲ್ಲಿ ಮನೆ, ಬ್ರಿಟಿಷ್ ಪಾಸ್‌ಪೋರ್ಟು, ಹೆಚ್ಚುಕಮ್ಮಿ ಅದೇ ವಯಸ್ಸು, ಅದೇ ಮೂಗು. "ನನ್ನದನ್ನು ತಗೊಂಡು ಹೋಗು. ಕೋಚ್ ತುಂಬ ಮುದುಕಿಯರು, ಮುಂದೆ ಫಾದರ್. ಯಾರು ನೋಡ್ತಾರೆ? ಈ ಬಿಳಿಯರ ಕಣ್ಣಿಗೆ ನಾವೆಲ್ಲ ಒಂದೇ ಅಚ್ಚು," ಎಂದನಂತೆ. ಕೊಟ್ಟದ್ದು ಪ್ರೀತಿಯಿಂದಲೇ. ಇಂಥ ಪ್ರೀತಿಗೆ ಬೆಂಕಿ ಹಾಕಬೇಕು.

ಟ್ರೀಸಾ ನಮ್ಮ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂತಳು. ಹದಿನೈದು ದಿನದಲ್ಲಿ ಇಳಿದುಹೋಗಿದ್ದಳು. ರಜೆ ಸಿಗುವುದಿಲ್ಲ ಎಂದು ನೋಡಿದ್ದಳು. ಮಗಳನ್ನು ಕರೆದುಕೊಂಡು ನಾನೇ ಹೋಗುತ್ತೇನೆ ಎಂದಿದ್ದರು ವ್ಯಾಲೆಂಟೈನ್. ಕಾಲು ನೋವು ಎಂದಳು. ಅದಕ್ಕೇ ಹೋಗುವುದು ಎಂದರು. ಬಂದರಿನಲ್ಲಿ ಸಿಕ್ಕಿಬಿದ್ದರೆ ಏನು ಗತಿ ಎಂದಳು; ನಿನಗೆ ನಂಬಿಕೆ ಸಾಲದು ಎಂದರು.

"ಹೇಳ್ಬಿಡು ಅವ್ರಿಗೆ. ಇನ್ನೇನು ದಾರಿ ಇದೆ?" ಎಂದೆ.

"ಎಂತ ಹೇಳುದು? ಮಾತೆ ನಿಮ್ಮನ್ನು ಕಾಯ್ಲಿಲ್ಲ, ನಾನು ಚೀಟಿ ಕದ್ದೆ ಅಂತಲಾ? ಅವರಿಗೆ ಬೇರೆ ಎಂತ ಉಂಟು ಹೇಳು. ಊರಿಲ್ಲ, ಹೆಸರಿಲ್ಲ, ಕಾಗದ ಇಲ್ಲ. ಆ ಏಳು ಚೀಟಿ ಉಂಟು."

"ಸಿಕ್ಕಿಬಿದ್ರೆ ವಾಪಸ್ ಕಳಿಸ್ತಾರೆ ಟ್ರೀಸಾ. ಹದಿನಾಲ್ಕು ವರ್ಷ ನೀರಲ್ಲಿ ಹೋಮ ಆಗುತ್ತೆ. ಮಿಶೆಲ್‌ಗೆ ಅಪ್ಪ ಇರಲ್ಲ."

"ಗೊತ್ತುಂಟು," ಎಂದಳು. "ಅಪ್ಪ ಉಳಿಬೇಕಾ, ಅಪ್ಪನ ದೇವರು ಉಳಿಬೇಕಾ ಅಂತ ನನ್ನ ಹತ್ತಿರ ಕೇಳಿದ ಹಾಗೆ ಉಂಟು. ನಂಗೆ ಬರುದಿಲ್ಲ ಇದರ ಉತ್ತರ."

ಬಾಯಿ ಇದ್ದವರೆಲ್ಲ ಬುದ್ಧಿ ಇದ್ದವರಲ್ಲ ಎಂದು ಅವತ್ತು ನನಗೆ ಗೊತ್ತಾಯಿತು.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಮಧ್ಯಾಹ್ನ ಟ್ರೀಸಾ ಫೋನ್ ಮಾಡಿ, ಸ್ವಲ್ಪ ಕೆಳಗೆ ಬಾ, ಸುಮ್ಮನೆ ಇರು ಸಾಕು ಎಂದಳು. ಹೋದೆ. ಮೇಜಿನ ಮೇಲೆ ಚರ್ಚಿನಿಂದ ತಂದ ಗರಿಯ ಶಿಲುಬೆ, ಅದರ ಪಕ್ಕ ಲೂಯಿಸನ ಪಾಸ್‌ಪೋರ್ಟ್. ವ್ಯಾಲೆಂಟೈನ್ ಕಣ್ಣು ಮುಚ್ಚಿ ಲೂಯಿಸನ ಹುಟ್ಟಿದ ದಿನವನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದರು. ಒಂಬತ್ತು ಮೇ ಅರವತ್ತೊಂದು. ಒಂಬತ್ತು ಮೇ ಅರವತ್ತೊಂದು. ಪಕ್ಕದಲ್ಲಿ ಒಂದು ಹಾಳೆಯ ತುಂಬ ಲೂಯಿಸನ ಸಹಿ ತಿದ್ದಿದ್ದರು. ಖಾಲಿ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಲ್ಲುವ ಮನುಷ್ಯ ಇವರೇ.

ಟ್ರೀಸಾ ಕಪಾಟಿನಿಂದ ಪ್ರಾರ್ಥನಾ ಪುಸ್ತಕ ತಂದು ಅವರ ಮುಂದಿಟ್ಟಳು. ಮುಂದಿನ ಮಾತೆಲ್ಲ ಕೊಂಕಣಿಯಲ್ಲಿ ನಡೆಯಿತು. ಅಷ್ಟು ವರ್ಷದಲ್ಲಿ ನನಗೆ ಅದು ಅರ್ಥವಾಗುತ್ತಿತ್ತು, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

"ಈ ಚೀಟಿ ದೇವರು ಎತ್ತಿದ್ದಲ್ಲ," ಎಂದಳು. "ಪ್ರತಿ ವರ್ಷ ಮೂರರಲ್ಲೂ ನಾನು ಒಂದೇ ಊರು ಬರೀತಿದ್ದೆ. ನಿಮ್ಮ ಲೂರ್ದ್ ಒಂದು ವರ್ಷವೂ ಬಟ್ಟಲಿಗೆ ಬೀಳ್ಲೇ ಇಲ್ಲ."

ಅವರಿಗೆ ಮೊದಲು ಅರ್ಥವಾದಂತೆ ಕಾಣಲಿಲ್ಲ. ಪುಸ್ತಕ ತೆರೆದು ಚೀಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಮೊದಲನೆಯದರ ಮೇಲೆ ಬೆರಳಿಟ್ಟರು.

"ಮಾರ್ಗೇಟ್?"

"ನಾನೇ."

"ಐಲ್ ಆಫ್ ವೈಟ್?"

"ಅದೂ ನಾನೇ."

ಬ್ಲ್ಯಾಕ್‌ಪೂಲ್, ಬೋರ್ನ್‌ಮತ್, ಲ್ಯಾಂಡಡ್ನೊ. ಒಂದನ್ನೂ ಬಿಡದೆ ಕೇಳಿದರು. ಪ್ರತಿ ಸಲವೂ ಅವಳು ನಾನೇ ಎಂದಳು. ಸಾಕು ನಿಲ್ಲಿಸಿ ಎಂದು ಕೂಗಬೇಕೆನಿಸಿತು, ಆದರೆ ಸುಮ್ಮನೆ ಇರು ಎಂದು ಅವಳು ಕೇಳಿಕೊಂಡಿದ್ದಳು. ವಿಟ್‌ಬಿಯ ಹೊತ್ತಿಗೆ ಅವರ ದನಿ ಕೇಳುತ್ತಲೇ ಇರಲಿಲ್ಲ, ತುಟಿ ಮಾತ್ರ ಅಲ್ಲಾಡಿತು. ಎಂಟನೆಯ ಚೀಟಿ ಅವರ ಅಂಗಿಯ ಜೇಬಿನಲ್ಲಿತ್ತು. ಅದನ್ನು ತೆಗೆದು, ಕೈಯಲ್ಲೇ ಇಟ್ಟುಕೊಂಡು, "ಇದಾದರೂ?" ಎಂದರು.

ಕೋಣೆಯ ಬಾಗಿಲಲ್ಲಿ ಮಿಶೆಲ್ ನಿಂತಿದ್ದಳು. ಯಾವಾಗಿನಿಂದ ಅಲ್ಲಿದ್ದಳೋ ಗೊತ್ತಿಲ್ಲ. ಅದು ನನ್ನದು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ತೋಳಿನೊಳಗೆ ಮಡಚಿಟ್ಟುಕೊಂಡಿದ್ದೆ, ಅಮ್ಮ ಮೋಸ ಮಾಡುತ್ತಾಳೆ ಅಂತ ಲೆಕ್ಕದಲ್ಲಿ ಗೊತ್ತಾಗಿತ್ತು. ಡಿಸ್ನಿ ಬರೆಯಬಹುದಿತ್ತು, ಆದರೆ ಡ್ಯಾಡ್ ಕಾಲು ಸರಿಹೋಗಲಿ ಅಂತ ಅಮ್ಮನ ಅಕ್ಷರದ ಹಾಗೆಯೇ ಲೂರ್ದ್ ಬರೆದೆ. "ಸಾರಿ, ಡ್ಯಾಡ್," ಎಂದಳು.

ವ್ಯಾಲೆಂಟೈನ್ ಆ ಚೀಟಿಯನ್ನು ಉಳಿದವುಗಳ ಸಾಲಿನ ಕೊನೆಗೆ ಇಟ್ಟರು.

"ಹಾಗಾದ್ರೆ ಇಷ್ಟು ವರ್ಷ ನನ್ನನ್ನು ಯಾರೂ ಕಾಯ್ಲಿಲ್ಲ," ಎಂದರು.

"ನಾನು ಕಾಯ್ದೆ," ಎಂದಳು ಟ್ರೀಸಾ.

ಮಿಶೆಲ್ ಅಮ್ಮನ ಮುಖ, ಪಾಸ್‌ಪೋರ್ಟಿನಲ್ಲಿದ್ದ ಲೂಯಿಸನ ಮುಖ ಎರಡನ್ನೂ ನೋಡಿ, ಡ್ಯಾಡ್ ಯಾಕೆ ಬೇರೆಯವರ ಪಾಸ್‌ಪೋರ್ಟಿನಲ್ಲಿ ಹೋಗಬೇಕು ಎಂದು ಕೇಳಿದಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಟ್ರೀಸಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಡಗಿನಿಂದ ಶುರುಮಾಡಿ ಎಲ್ಲ ಹೇಳಿದಳು. ಹುಡುಗಿ ಕೇಳಿದ್ದು ಒಂದೇ: ಡ್ಯಾಡನ್ನು ಕಳಿಸಿಬಿಡುತ್ತಾರಾ?

ಮರುದಿನ ನಾನೇ ಸಟನ್‌ಗೆ ಹೋಗಿ ಪಾಸ್‌ಪೋರ್ಟನ್ನು ಲೂಯಿಸನ ಕೈಗೆ ಕೊಟ್ಟು, ಮೂರು ವರ್ಷ ಹಿಡಿದಿಟ್ಟ ಬೈಗುಳವನ್ನೆಲ್ಲ ಅವನ ಬಾಗಿಲಲ್ಲಿ ಸುರಿದು ಬಂದೆ. ಅದರಲ್ಲಿ ಅರ್ಧ ನನಗೇ ಸೇರಬೇಕಾದದ್ದು. ಹೇಳು ಹೇಳು ಎಂದು ಅವಳನ್ನು ನೂಕಿದವಳು ನಾನಲ್ಲವೇ?

ಕೋಚ್ ಹೋಯಿತು, ಅವರು ಹೋಗಲಿಲ್ಲ. ಅಪ್ಪ ಉಳಿದರು. ಸೋಮವಾರದಿಂದ ಶುಕ್ರವಾರದವರೆಗೆ ಗೋದಾಮು, ಭಾನುವಾರ ಚರ್ಚು, ಎಲ್ಲ ಮೊದಲಿನಂತೆಯೇ. ಆದರೆ ಮನೆಯಲ್ಲಿ ಜಪಸರದ ಹೊತ್ತಿಗೆ ಅವರು ಕಸದ ಚೀಲ ಹಿಡಿದು ಕೆಳಗಿಳಿಯುತ್ತಿದ್ದರು, ಮುಗಿಯುವವರೆಗೂ ಹತ್ತಿ ಬರುತ್ತಿರಲಿಲ್ಲ. ಟ್ರೀಸಾಳ ಮೇಲೆ ಒಂದು ದಿನವೂ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು ಎನ್ನುತ್ತಿದ್ದಳು ಅವಳು. ಚೀಟಿಗಳ ಮಾತನ್ನು ಮಾತ್ರ ಅವರು ಎತ್ತಲಿಲ್ಲ, ಇವಳು ಎತ್ತುವ ಧೈರ್ಯ ಮಾಡಲಿಲ್ಲ. ನನಗೆ ಸಂಕಟವಾದದ್ದು ಮಿಶೆಲ್‌ಳನ್ನು ನೋಡಿ. ಅಂದಿನಿಂದ ಬಾಗಿಲ ಗಂಟೆ ಬಾರಿಸಿದರೆ ಆ ಹುಡುಗಿ ಓಡಿಹೋಗಿ ಟಿವಿ ಆರಿಸುತ್ತಿದ್ದಳು. ಗೆಳತಿಯರನ್ನು ಮನೆಗೆ ಕರೆಯುವುದನ್ನು ನಿಲ್ಲಿಸಿದಳು.

ಅಕ್ಟೋಬರಿನಲ್ಲಿ ಅರ್ಜಿ ಹಾಕಿದರು. ಉತ್ತರ ಬರಲು ಒಂದು ವರ್ಷದ ಮೇಲೆ ನಾಲ್ಕು ತಿಂಗಳು ಹಿಡಿಯಿತು. ೨೦೦೮ರ ಫೆಬ್ರವರಿಯಲ್ಲಿ ಕಂದು ಲಕೋಟೆ ಬಂತು: ಇರಬಹುದು. ನಾನು ಒಬ್ಬಟ್ಟು ಮಾಡಿ ಕೊಂಡುಹೋದೆ. ವ್ಯಾಲೆಂಟೈನ್ ಕೈಮುಗಿದು, ಒಂದು ತಿಂದು, "ಮಂಡಿಗೆ ತಾರೀಕು ಕೊಟ್ಟಿದ್ದಾರೆ ಚಂದ್ರಿಕಕ್ಕ, ಮೇ ತಿಂಗಳು," ಎಂದರು. ಲೂರ್ದಿನ ಮಾತು ಬರಲಿಲ್ಲ.

ಆ ವರ್ಷ ಈಸ್ಟರ್ ಬೇಗ ಬಂದಿತ್ತು. ರಜೆಗೆ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಹದಿಮೂರಾಗಿದ್ದ ಮಿಶೆಲ್, ಎಲ್ಲಿಗಾದರೂ ಸರಿ, ನನಗೆ ಬೇಕು ಅಂತಿಲ್ಲ ಎಂದಳು. ತಪಸ್ಸುಕಾಲ ಅರ್ಧ ಕಳೆದ ಮೇಲೆ, ಒಂದು ಭಾನುವಾರ ಸಂಜೆ, ಜಪಸರ ಮುಗಿಯುವ ಹೊತ್ತಿಗೆ ವ್ಯಾಲೆಂಟೈನ್ ಒಳಗೆ ಬಂದರಂತೆ. ಆ ಹಳೆಯ ಬಟ್ಟಲನ್ನು ಕಪಾಟಿನಿಂದ ಇಳಿಸಿ, ಅದರಲ್ಲಿ ಒಂದು ಚೀಟಿ ಹಾಕಿ, ಟ್ರೀಸಾಳ ಮುಂದಿಟ್ಟು, "ಎತ್ತು," ಎಂದರಂತೆ. ಇದ್ದದ್ದು ಒಂದೇ ಚೀಟಿ. ಮೋಸಕ್ಕೆ ಜಾಗವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅದನ್ನು ನನಗೆ ತಂದು ತೋರಿಸಿದಳು. ಅವರ ವಾರೆ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದಿತ್ತು: ಟ್ರೀಸಾ ಹೇಳಿದಲ್ಲಿಗೆ.

"ಎರಡು ವರ್ಷ ಆಯ್ತು ಚಂದ್ರಿಕಾ, ಅವರ ಬಾಯಿಂದ ಇದರ ಬಗ್ಗೆ ಒಂದು ಮಾತು ಬರ್ಲಿ ಅಂತ ಕಾದು," ಎಂದಳು. "ಮಿಶೆಲ್ ನನ್ನನ್ನೇ ನೋಡ್ತಾ ಕೂತಿದ್ದಾಳೆ. ಇವರೂ ನೋಡ್ತಾ ಇದ್ದಾರೆ. ಇಡೀ ಲೋಕ ಉಂಟಲ್ಲ ಈಗ, ಎಲ್ಲಿಗೂ ಹೋಗ್ಬಹುದು. ನಂಗೆ ಒಂದು ಊರಿನ ಹೆಸರೂ ಬಾಯಿಗೆ ಬರ್ಲಿಲ್ಲ ಮಾರಾಯ್ತಿ."

ಲೂರ್ದ್ ಅನ್ನಬಹುದಿತ್ತಲ್ಲ ಎಂದೆ.

"ಅದು ಅವರು ಹೇಳ್ತಿದ್ದ ಊರು," ಎಂದಳು. "ಅದನ್ನು ಏಳು ವರ್ಷ ಬರೆಯದೆ ಬಿಟ್ಟವಳು ನಾನು. ನನ್ನ ಬಾಯಲ್ಲಿ ಅದು ಹೇಗೆ ಬರ್ತದೆ?"

ರಜೆಗೆ ಇನ್ನೆರಡು ವಾರ ಇತ್ತು. ನಾನು ಲೈಬ್ರರಿಯಿಂದ ಪ್ರವಾಸದ ಪುಸ್ತಕ ತಂದುಕೊಟ್ಟೆ. ಸುಧೀರ್ ಅಗ್ಗದ ಟಿಕೆಟುಗಳ ಪಟ್ಟಿ ಪ್ರಿಂಟ್ ಮಾಡಿ ಕೊಟ್ಟ. ಅವಳು ಪ್ರತಿದಿನ ಸಂಜೆ ಅದನ್ನೆಲ್ಲ ಮುಂದಿಟ್ಟುಕೊಂಡು ಕೂರುತ್ತಿದ್ದಳಂತೆ, ವ್ಯಾಲೆಂಟೈನ್ ಎದುರು ಕುರ್ಚಿಯಲ್ಲಿ ಅವಸರ ಮಾಡದೆ ಕಾಯುತ್ತಿದ್ದರಂತೆ. ಆ ಈಸ್ಟರ್ ರಜೆಗೆ ಅವರು ಎಲ್ಲಿಗೂ ಹೋಗಲಿಲ್ಲ.